ಹತ್ತು ವರ್ಷದ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಬರುವುದಿಲ್ಲವಂತೆ. ಗುಜರಿಗೆ ಕೊಟ್ಟು ಹೊಸದು ತಗೊಳ್ಳಲಾ?

ಕೊಡಬೇಡಿ. ನೀವು ಹೇಳಿರುವ ಕೆಲಸಗಳಿಗೆ ಆ ಲ್ಯಾಪ್‌ಟಾಪ್ ಇನ್ನೂ ಕೆಲವು ವರ್ಷ ಆರಾಮಾಗಿ ಬರುತ್ತದೆ.

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ನೀವು ಮುಂಬಯಿ ಹತ್ತಿರದ ಠಾಣೆ ಊರಿನಲ್ಲಿದ್ದೀರಿ. 2015ರಲ್ಲಿ ತಗೊಂಡ ಐ5 ಲ್ಯಾಪ್‌ಟಾಪ್, ಐದನೇ ಜನರೇಶನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಚಹಾ ಕುಡಿದು ಬಂದರೂ ಡೆಸ್ಕ್‌ಟಾಪ್ ಬಂದಿರುವುದಿಲ್ಲ. ಅಂಗಡಿಯವರು ಹೊಸ ಎಐ ಲ್ಯಾಪ್‌ಟಾಪ್ ತಗೊಳ್ಳಿ ಅಂದರು. ನಿಮಗೆ ಬೇಕಿರುವುದು ಇಂಟರ್‌ನೆಟ್, ಕನ್ನಡ ಬರವಣಿಗೆ, ಸಿನಿಮಾ, ಜೊತೆಗೆ ನಿಮ್ಮ ತಂದೆ ಕೂಡಿಟ್ಟ ಯಕ್ಷಗಾನದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು. ಕೊನೆಗೆ, ‘ನೀವು ಏನೇನು ಬಳಸುತ್ತೀರಿ, ಹೇಳಿ’ ಅಂತ ಕೇಳಿದ್ದೀರಿ.

ನಾನೂ ಅಲ್ಲೇ ಹತ್ತಿರದ ಡೊಂಬಿವಲಿಯವನು. ಕಂಪ್ಯೂಟರ್ ನನಗೆ ಹೊಟ್ಟೆಪಾಡಲ್ಲ, ಹುಚ್ಚು. ರಜೆ ಸಿಕ್ಕರೆ ಮುಂಬಯಿಯ ಕಂಪ್ಯೂಟರ್ ಸಾಮಾನಿನ ಬೀದಿ ಲ್ಯಾಮಿಂಗ್ಟನ್ ರೋಡ್ ಸುತ್ತುವುದು, ನೆಂಟರ, ಸ್ನೇಹಿತರ ಹಳೆಯ ಮಿಷಿನ್ ಬಿಚ್ಚಿ ಮತ್ತೆ ಓಡುವ ಹಾಗೆ ಮಾಡುವುದು, ಇದೇ ನನ್ನ ಖುಷಿ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಅಂಗಡಿಯವರು ವಿಂಡೋಸ್ ಬಗ್ಗೆ ಹೇಳಿದ್ದು ಸುಳ್ಳಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು ಎಂದು ಮೈಕ್ರೋಸಾಫ್ಟ್ ಹೇಳಿದೆ. ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆಯೂ ಇರಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ಮೈಕ್ರೋಸಾಫ್ಟ್ ಖಾತೆಯಿಂದ ಹೆಸರು ನೋಂದಾಯಿಸಿದರೆ ಭದ್ರತೆಯ ಅಪ್‌ಡೇಟ್ ಇನ್ನೂ ಒಂದು ವರ್ಷ ಸಿಗುವ ಏರ್ಪಾಡು ಮಾಡಿದ್ದಾರೆ. ಇಷ್ಟೆಲ್ಲ ನಿಜ. ಆದರೆ ಇದು ಒಂದು ಕಂಪನಿ ತನ್ನ ಒಂದು ಸಾಫ್ಟ್‌ವೇರ್‌ಗೆ ಹಾಕಿಕೊಂಡ ಷರತ್ತು. ನಿಮ್ಮ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಕೆಟ್ಟಿಲ್ಲ, ಪರದೆ ಕೆಟ್ಟಿಲ್ಲ, ಕೀಬೋರ್ಡ್ ಕೆಟ್ಟಿಲ್ಲ. ನೆಟ್ಟಗಿರುವ ಯಂತ್ರವನ್ನು ಇಂಥ ಕಾರಣಕ್ಕೆ ಗುಜರಿಗೆ ಹಾಕುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಅದು ನಿಧಾನ ಆಗಿರುವುದಕ್ಕೆ ಮುಖ್ಯ ಕಾರಣ ಹಾರ್ಡ್ ಡಿಸ್ಕ್. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಬರುತ್ತಿದ್ದ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಗ್ರಾಮಫೋನ್ ತಟ್ಟೆಯ ಹಾಗೆ, ಬೇಕಾದ ಜಾಗ ತಿರುಗಿ ಮುಳ್ಳಿನ ಕೆಳಗೆ ಬರುವ ತನಕ ಕಾಯಬೇಕು. ಆ ಕಾಯುವಿಕೆಯೇ ಸರಾಸರಿ ಐದೂವರೆ ಮಿಲಿಸೆಕೆಂಡ್. ಮುಳ್ಳು ಪಕ್ಕಕ್ಕೆ ಸರಿಯಲು ಇನ್ನೂ ಸ್ವಲ್ಪ ಹೊತ್ತು ಬೇಕು. ಲೆಕ್ಕ ಹಾಕಿದರೆ ಅಲ್ಲಿ ಇಲ್ಲಿ ಚದುರಿದ ಸಣ್ಣ ಸಣ್ಣ ಫೈಲುಗಳನ್ನು ಅದು ಸೆಕೆಂಡಿಗೆ ಹೆಚ್ಚೆಂದರೆ ನೂರರಷ್ಟು ಓದಬಹುದು, ಅಷ್ಟೇ. ಕಂಪ್ಯೂಟರ್ ಆನ್ ಆಗುವಾಗ ಬೇಕಾಗುವುದು ಇಂಥ ಸಾವಿರಾರು ಚೂರುಗಳು. ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಸಾಧಾರಣ ಎಸ್‌ಎಸ್‌ಡಿ ಕೂಡ ಇಂಥ ಓದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕುವುದಿದ್ದರೆ ಮೊದಲು ಇದಕ್ಕೇ ಹಾಕಿ. ಎರಡೂವರೆ ಇಂಚಿನ ಸಾಟಾ (ನಿಮ್ಮ ಹಳೆಯ ಡಿಸ್ಕಿನದ್ದೇ ಜೋಡಣೆ) ಎಸ್‌ಎಸ್‌ಡಿ, 480 ಅಥವಾ 500 ಜಿಬಿಯದ್ದು, ನಿಮ್ಮ ಹಳೆಯ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ. ತುಂಬಾ ವೇಗದ್ದು ಎಂದು ಜಾಹೀರಾತು ಮಾಡುವ ದುಬಾರಿ ಮಾಡೆಲ್ ಬೇಡ. ನಿಮ್ಮ ಮಿಷಿನ್‌ನ ಸಾಟಾ ಕಿಂಡಿ ಸೆಕೆಂಡಿಗೆ 550 ಎಂಬಿಯ ಆಸುಪಾಸಿಗಿಂತ ಜಾಸ್ತಿ ಬಿಟ್ಟುಕೊಡುವುದಿಲ್ಲ.

ಎರಡನೆಯದು ರ‍್ಯಾಮ್. 4 ಜಿಬಿಯನ್ನು 8 ಮಾಡಿ. ಐದನೇ ಜನರೇಶನ್‌ಗೆ ಸಾಮಾನ್ಯವಾಗಿ ಬೇಕಾಗುವುದು ಡಿಡಿಆರ್3ಎಲ್, ಅಂದರೆ 1.35 ವೋಲ್ಟಿನದ್ದು. ಅದಕ್ಕಿಂತ ಹೊಸ ಬಗೆಯ ಡಿಡಿಆರ್4 ತಂದರೆ ಅದರ ಕಚ್ಚು ಬೇರೆ ಕಡೆ ಇರುವುದರಿಂದ ಕೂರುವುದೇ ಇಲ್ಲ. ಕೆಲವು ತೆಳು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಅದಕ್ಕೇ ಹಿಂದಿನ ಮುಚ್ಚಳ ಬಿಚ್ಚಿ ನೋಡಿಕೊಂಡೇ ಹೊರಡಿ. ಬಿಚ್ಚಿದಾಗ ಫ್ಯಾನ್ ಕೂಡ ನೋಡಿ. ನಮ್ಮ ಮುಂಬಯಿಯ ಧೂಳು, ಮಳೆಗಾಲದ ತೇವ ಎರಡೂ ಸೇರಿ ಅಲ್ಲಿ ಕಂಬಳಿಯಂಥ ಪದರ ಕಟ್ಟಿರುತ್ತದೆ. ಅದನ್ನು ತೆಗೆದು ಪ್ರೊಸೆಸರ್ ಮೇಲಿನ, ಶಾಖ ಸಾಗಿಸುವ ಒಣಗಿದ ಪೇಸ್ಟ್ ಬದಲಿಸಿದರೆ ಲ್ಯಾಪ್‌ಟಾಪ್ ಬಿಸಿಯಾಗುವುದು ಎಷ್ಟೋ ಕಡಿಮೆ ಆಗುತ್ತದೆ.

ಲ್ಯಾಮಿಂಗ್ಟನ್ ರೋಡಿಗೆ ಹೋಗುವುದಾದರೆ ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಗಾಡಿ ಹಿಡಿಯಿರಿ. ಗ್ರ್ಯಾಂಟ್ ರೋಡ್ ಸ್ಟೇಶನ್ನಿನ ಪೂರ್ವಕ್ಕೆ ಹೊರಬಂದರೆ ನಡೆದು ಹೋಗುವಷ್ಟೇ ದೂರ. ಭಾನುವಾರ ಬೇಡ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ಮೂರು ನಾಲ್ಕು ಕಡೆ ರೇಟ್ ಕೇಳಿ. ಬಿಲ್ ಇಲ್ಲದೆ ಕಡಿಮೆ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ, ವಾರಂಟಿಗೆ ಆ ಬಿಲ್ಲೇ ಆಧಾರ. ಮನೆಗೆ ತಂದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ನೋಡಿ. ಹೊಸದೆಂದು ಕೊಟ್ಟ ಡಿಸ್ಕ್ ನೂರಾರು ಗಂಟೆ ತೋರಿಸಿದರೆ ಮಾರನೇ ದಿನವೇ ವಾಪಸ್ ತಗೊಂಡು ಹೋಗಿ.

ನಿಮ್ಮ ಅಂಗಡಿಯವರು ಹೇಳಿದ ಎಐ ಲ್ಯಾಪ್‌ಟಾಪ್ ನಿಮಗೆ ಬೇಕಿಲ್ಲ. ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಎಂದು ಕರೆಯುವ ಮಿಷಿನ್ನುಗಳಿಗೆ 16 ಜಿಬಿ ರ‍್ಯಾಮ್ ಮತ್ತು ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಪ್ರತ್ಯೇಕ ಭಾಗ ಇರಬೇಕು ಎಂಬ ನಿಯಮ ಇದೆ. ಕನ್ನಡದಲ್ಲಿ ಲೇಖನ ಬರೆಯುವುದಕ್ಕೂ ಕ್ಯಾಸೆಟ್ ಇಳಿಸುವುದಕ್ಕೂ ಅದರಿಂದ ಏನೂ ಆಗಬೇಕಾಗಿಲ್ಲ.

ಇನ್ನು ಆಪರೇಟಿಂಗ್ ಸಿಸ್ಟಂ, ಅಂದರೆ ವಿಂಡೋಸ್‌ನಂಥ ಮೂಲ ಸಾಫ್ಟ್‌ವೇರ್. ನನ್ನ ಮನೆಯಲ್ಲಿ ಎಲ್ಲ ಕಡೆ ಇರುವುದು ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್, ಅದರಲ್ಲಿ ಮಿಂಟ್ ಅನ್ನುವ ಬಗೆ. ವಿಂಡೋಸ್ ಬಳಸಿದವರಿಗೆ ಅದರ ಮೆನು, ಕೆಳಗಿನ ಪಟ್ಟಿ ಎಲ್ಲ ಪರಿಚಯದ್ದೇ ಅನಿಸುತ್ತದೆ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಮಧ್ಯೆ ಜಾಹೀರಾತು ಬರುವುದಿಲ್ಲ. ಕನಿಷ್ಠ 2 ಜಿಬಿ ರ‍್ಯಾಮ್ ಇದ್ದರೂ ಸಾಕು ಅನ್ನುತ್ತಾರೆ, 4 ಇದ್ದರೆ ನೆಮ್ಮದಿ. ಮಿಂಟ್ 22ರ ಸರಣಿಗೆ 2029ರ ತನಕ ಅಪ್‌ಡೇಟ್ ಬರುತ್ತದೆ. ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು, ಏನನ್ನೂ ಅಳಿಸದೆ, ಅದರಿಂದಲೇ ಲ್ಯಾಪ್‌ಟಾಪ್ ಓಡಿಸಿ ನೋಡಬಹುದು. ವೈಫೈ ಸಿಗುತ್ತದಾ, ಸ್ಪೀಕರ್ ಕೇಳುತ್ತದಾ, ಪ್ರಿಂಟರ್ ಹಿಡಿಯುತ್ತದಾ ಎಂದು ಪರೀಕ್ಷೆ ಮಾಡಿ ಆಮೇಲೆ ನಿರ್ಧಾರ ಮಾಡಿ. ಹಳೆಯ ಡಿಸ್ಕನ್ನು ಹೊರಗೆ ತೆಗೆದು ಹೊಸ ಎಸ್‌ಎಸ್‌ಡಿಗೆ ಮಿಂಟ್ ಹಾಕಿದರೆ ನಿಮ್ಮ ಹಳೆಯ ಫೋಟೋ, ಕಡತ ಎಲ್ಲ ಅಲ್ಲೇ ಭದ್ರವಾಗಿರುತ್ತವೆ.

ಒಂದು ಎಚ್ಚರಿಕೆ. ಲೆಕ್ಕಪತ್ರದ ಟ್ಯಾಲಿ ಬಳಸುತ್ತೀರಿ, ಅಥವಾ ಯುಎಸ್‌ಬಿ ಟೋಕನ್ ಚುಚ್ಚಿ ಡಿಜಿಟಲ್ ಸಹಿಯಿಂದ ಜಿಎಸ್‌ಟಿ ಕಟ್ಟುತ್ತೀರಿ ಅಂದರೆ ವಿಂಡೋಸ್ ಬಿಡಬೇಡಿ, ಸುಮ್ನೆ ತೊಂದರೆ. ಕೆಲವು ಓಟಿಟಿಗಳು ಲಿನಕ್ಸ್‌ನ ಬ್ರೌಸರ್‌ಗೆ ಪೂರ್ತಿ ಗುಣಮಟ್ಟದ ಚಿತ್ರ ಕಳಿಸುವುದಿಲ್ಲ, ಅದೂ ಗೊತ್ತಿರಲಿ. ಟೀವಿಯಲ್ಲಿ ನೋಡುವವರಿಗೆ ಅದು ತೊಂದರೆಯೇ ಅಲ್ಲ.

ಕನ್ನಡ ಬರೆಯುವವರಿಗೆ ಲಿನಕ್ಸ್ ಕಷ್ಟ ಅನ್ನುವ ಭಯ ನಮ್ಮಲ್ಲಿ ತುಂಬಾ ಜನಕ್ಕಿದೆ. ಆ ಭಯ ಬೇಡ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ವಿನ್ಯಾಸ ಮೊದಲೇ ಇದೆ. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ಸಾಫ್ಟ್‌ವೇರ್‌ನಲ್ಲಿ ನಾವೆಲ್ಲ ಕಲಿತ ಅದೇ ಕೀಲಿಮಣೆ. ಬೆರಳು ಮತ್ತೆ ಕಲಿಯಬೇಕಾದ್ದೇನೂ ಇಲ್ಲ. ಗುಬ್ಬಿ, ನವಿಲು ಅನ್ನುವ ಫಾಂಟುಗಳು ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತವೆ. ಇವನ್ನು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟವರು ಅರವಿಂದ ವಿ. ಕೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಕ್ಕೂ ಮುಂಚಿನ, ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರ್‌ನ ಕಡತ ನಿಮ್ಮ ಹತ್ತಿರ ಇದ್ದರೆ ಈಗಲೇ ಯೂನಿಕೋಡ್‌ಗೆ ಬದಲಿಸಿಡಿ. ಮುಂಬಯಿಯ ನಮ್ಮ ಸಂಘಗಳ ಎಷ್ಟೋ ಸ್ಮರಣ ಸಂಚಿಕೆಗಳು ಆ ಹಳೆಯ ಫಾಂಟಿನಲ್ಲೇ ಕೂತಿವೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಗೋಜಲು ಗುರುತುಗಳು. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಅರವಿಂದ ಅವರೇ ಮಾಡಿದ ಪರಿವರ್ತಕ ಇದೆ, ಉಚಿತ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ.

ಬ್ರೌಸರ್ ಫೈರ್‌ಫಾಕ್ಸ್. ಅದರ ಜೊತೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಪುಟಗಳು ತಡವರಿಸುವುದು ಎಷ್ಟೋ ಸಲ ಜಾಹೀರಾತಿನ ಭಾರಕ್ಕೆ. ಕ್ರೋಮ್ ಹಳೆಯ ರೀತಿಯ ಎಕ್ಸ್‌ಟೆನ್ಶನ್‌ಗಳನ್ನು 2025ರಲ್ಲಿ ಪೂರ್ತಿ ಕೈಬಿಟ್ಟಿದ್ದರಿಂದ ಅದರಲ್ಲಿ ಈಗ ಇದರ ಸಣ್ಣ ರೂಪ ಮಾತ್ರ ಓಡುತ್ತದೆ. ಬರವಣಿಗೆ, ಲೆಕ್ಕಕ್ಕೆ ಲಿಬ್ರೆಆಫೀಸ್ ಸಾಕು. ಆಟಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಮಕ್ಕಳಿದ್ದರೆ ಹೇಳಿ, ಡಾಸ್ ಕಾಲದ ಆಟಗಳನ್ನು ಆಡಿಸುವ ಡಾಸ್‌ಬಾಕ್ಸ್ ಈ ಮಿಷಿನ್‌ನಲ್ಲಿ ಚೆನ್ನಾಗಿ ಓಡುತ್ತದೆ.

ಸಿನಿಮಾ, ಹಾಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಮತ್ತೆ ಮತ್ತೆ ಕೇಳುವಂಥದ್ದು, ನೋಡುವಂಥದ್ದು ನಮ್ಮ ಡಿಸ್ಕಿನಲ್ಲೇ ಇರಬೇಕು. ನಾನು ತಿಂಗಳ ಚಂದಾ ಕಟ್ಟುತ್ತಿದ್ದ ಒಂದು ಹಾಡಿನ ಆ್ಯಪ್‌ನಲ್ಲಿ ಹಳೆಯ ಭಾವಗೀತೆಗಳ ಪಟ್ಟಿ ಮಾಡಿಟ್ಟಿದ್ದೆ. ಒಂದು ದಿನ ನೋಡಿದರೆ ಅರ್ಧದಷ್ಟು ಹಾಡು ಬೂದು ಬಣ್ಣಕ್ಕೆ ತಿರುಗಿದ್ದವು, ಒತ್ತಿದರೆ ನುಡಿಯುತ್ತಿರಲಿಲ್ಲ. ಹಕ್ಕಿನ ಒಪ್ಪಂದ ಮುಗಿದರೆ ಹಾಗೇ. ಆಮೇಲಿಂದ ನಾನು ಇಷ್ಟಪಟ್ಟದ್ದನ್ನು ಸಿಡಿ ಸಿಕ್ಕರೆ ಸಿಡಿ, ಫೈಲ್ ಮಾರುವವರಿದ್ದರೆ ಫೈಲ್, ಹೀಗೆ ದುಡ್ಡು ಕೊಟ್ಟು ತಗೊಂಡು ಇಟ್ಟುಕೊಳ್ಳುತ್ತೇನೆ. ಆಡಿಸಲು ವಿಎಲ್‌ಸಿ. 1996ರಲ್ಲಿ ಪ್ಯಾರಿಸ್ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ವಿಡಿಯೋ ನೋಡಲು ಶುರು ಮಾಡಿದ ಯೋಜನೆ ಅದು. ಇವತ್ತಿಗೂ ಜಾಹೀರಾತಿಲ್ಲ, ಬೇಹುಗಾರಿಕೆ ಇಲ್ಲ, ಯಾವ ಫೈಲ್ ಕೊಟ್ಟರೂ ಆಡಿಸುತ್ತದೆ. ಇಂಥ ಸಾಫ್ಟ್‌ವೇರ್ ಬಗ್ಗೆ ನನಗೆ ಅಪಾರ ಗೌರವ.

ಈಗ ಕ್ಯಾಸೆಟ್‌ಗಳು. ನಿಮ್ಮ ಪ್ರಶ್ನೆಯಲ್ಲಿ ಅವಸರ ಇರುವುದು ಇದಕ್ಕೆ ಮಾತ್ರ. ಲ್ಯಾಪ್‌ಟಾಪ್ ಇನ್ನೊಂದು ವರ್ಷ ಕಾದರೂ ನಡೆಯುತ್ತದೆ, ಟೇಪ್ ಕಾಯುವುದಿಲ್ಲ. ಮುಂಬಯಿಯ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಬರುತ್ತದೆ. ಕಿಟಕಿಯಿಂದ ನೋಡಿದಾಗ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಆ ಕ್ಯಾಸೆಟ್ಟನ್ನು ಹಾಕಬೇಡಿ, ಬೇರೆ ಇಡಿ. ಅದು ಡೆಕ್‌ನ, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರದ, ಟೇಪ್ ಓದುವ ಹೆಡ್ಡಿಗೂ ಅಂಟಿ ಉಳಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಚೆನ್ನಾಗಿರುವವನ್ನು ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಆಮೇಲೆ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಅಂಟಿಕೊಂಡ ಪದರಗಳು ಸಡಿಲ ಆಗುತ್ತವೆ. ಮನೆಯ ಹಳೆಯ ಟೇಪ್‌ರೆಕಾರ್ಡರ್‌ನ ಬೆಲ್ಟ್ ಹಿಗ್ಗಿದ್ದರೆ ಭಾಗವತರ ಶ್ರುತಿಯೇ ತೂಗಾಡುತ್ತದೆ, ಬೆಲ್ಟ್ ಬದಲಿಸಿ. ಅಥವಾ ಮುಂಬಯಿಯಲ್ಲಿ ಹಳೆಯ ಸಾಮಾನು ಸಿಗುವ ಚೋರ್ ಬಜಾರಿನ ಕಡೆ ಒಳ್ಳೆಯ ಡೆಕ್ ಹುಡುಕಿ. ಕೊಳ್ಳುವ ಮೊದಲು ನಿಮ್ಮದೇ ಒಂದು ಕ್ಯಾಸೆಟ್ ಹಾಕಿ ಕೇಳಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸುತ್ತಿರಿ.

ಡೆಕ್‌ನಿಂದ ಲ್ಯಾಪ್‌ಟಾಪ್‌ನ ಮೈಕ್ ಕಿಂಡಿಗೆ ನೇರ ತಂತಿ ಹಾಕಬೇಡಿ. ಅದು ಮೈಕಿನ ಸಣ್ಣ ಸಂಕೇತಕ್ಕೆ ಮಾಡಿದ್ದು, ದನಿ ಒಡೆಯುತ್ತದೆ. ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಅಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು ರೆಕಾರ್ಡ್ ಮಾಡಿ. ದನಿಯ ಮಟ್ಟ ಹೊಂದಿಸುವಾಗ ಚೆಂಡೆ ಜೋರಾಗಿರುವ ಕಡೆ ಹಾಕಿ ನೋಡಿ. ಅರ್ಥಗಾರಿಕೆ ನಡೆಯುವಾಗ ಹೊಂದಿಸಿದರೆ ಚೆಂಡೆ ಬಂದ ಕೂಡಲೇ ಮೇಲಿನ ಗೆರೆಗೆ ಬಡಿಯುತ್ತದೆ, ಆಮೇಲೆ ಸರಿಮಾಡಲು ಬರುವುದಿಲ್ಲ. ಅತಿ ಜೋರು ಜಾಗದಲ್ಲೂ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಡಿ. 90 ನಿಮಿಷದ ಕ್ಯಾಸೆಟ್ ಇಳಿಸಲು 90 ನಿಮಿಷವೇ ಬೇಕು, ಒಳದಾರಿ ಇಲ್ಲ. ಹಾಗೇ ಕೂತು ಕೇಳಿ.

ಫೈಲನ್ನು ಫ್ಲ್ಯಾಕ್ ಎಂಬ ರೂಪದಲ್ಲಿ ಉಳಿಸಿ. ಕಚ್ಚಾ ರೂಪದಲ್ಲಿ ಒಂದು ಕ್ಯಾಸೆಟ್ ಸುಮಾರು ಒಂದೂವರೆ ಜಿಬಿ ಆಗುತ್ತದೆ, ಫ್ಲ್ಯಾಕ್ ಅದನ್ನು ದನಿಯ ಒಂದು ಕಣವೂ ಕಳೆಯದೆ ಸಾಕಷ್ಟು ಕುಗ್ಗಿಸುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಲು ಬೇರೆ ಎಂಪಿ3 ಮಾಡಿ. ಸದ್ದು ತೆಗೆಯುವ ಫಿಲ್ಟರನ್ನು ಮೂಲ ಫೈಲಿಗೆ ಯಾವತ್ತೂ ಹಾಕಬೇಡಿ. ಟೇಪಿನ ಸುಯ್ಯನೆ ಸದ್ದಿನ ಜೊತೆ ಜಾಗಟೆಯ ಗುಂಯ್ ಕೂಡ ಹೋಗಿಬಿಡುತ್ತದೆ. ಪ್ರಯೋಗ ಏನಿದ್ದರೂ ಪ್ರತಿಯ ಮೇಲೆ. ಫೈಲಿನ ಹೆಸರಲ್ಲಿ ಪ್ರಸಂಗ, ಭಾಗವತರು, ಊರು, ವರ್ಷ ಹಾಕಿ. ಕ್ಯಾಸೆಟ್ ಮೇಲೆ ಬರೆದಿಲ್ಲದಿದ್ದರೆ ಮನೆಯ ಹಿರಿಯರಿಗೆ ಈಗಲೇ ಕೇಳಿಸಿ. ದನಿ ಕೇಳಿ ಅರ್ಥಧಾರಿ ಯಾರೆಂದು ಹೇಳುವವರು ಮಾಟುಂಗಾದಿಂದ ಡೊಂಬಿವಲಿಯವರೆಗೆ ಇನ್ನೂ ಇದ್ದಾರೆ.

ಎರಡು ಡಿಸ್ಕಿನಲ್ಲಿ ಇಡಿ, ಒಂದು ಠಾಣೆಯಲ್ಲಿ, ಇನ್ನೊಂದು ಊರಿನಲ್ಲಿ. ವರ್ಷಗಟ್ಟಲೆ ಕಪಾಟಿನಲ್ಲಿ ಇಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ, ವಿದ್ಯುತ್ ಇಲ್ಲದೆ ಬಹಳ ಕಾಲ ಬಿದ್ದಿದ್ದರೆ ಅದರಲ್ಲಿರುವುದು ಅಳಿಸಿಹೋಗಬಹುದು. ಲ್ಯಾಪ್‌ಟಾಪ್‌ನಿಂದ ತೆಗೆದ ಆ 500 ಜಿಬಿ ಡಿಸ್ಕಿಗೆ ಹೊರಗಿನ ಡಬ್ಬಿ ಸಿಗುತ್ತದೆ. ಡಿಸ್ಕ್ ಆರೋಗ್ಯವಾಗಿದ್ದರೆ ಒಂದು ಪ್ರತಿ ಅದರಲ್ಲೇ ಇಡಬಹುದು.

ಲ್ಯಾಪ್‌ಟಾಪ್‌ನ ಕೆಳಗೆ ಅಂಟಿಸಿರುವ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಇಲ್ಲಿ ಬರೆಯಿರಿ, ಯಾವ ರ‍್ಯಾಮ್ ಹಿಡಿಸುತ್ತದೆ, ಎಷ್ಟು ಸ್ಲಾಟ್ ಇದೆ ಎಂದು ನೋಡಿ ಹೇಳುತ್ತೇನೆ. ಡೆಕ್ ಯಾವುದಿದೆ ಅನ್ನುವುದನ್ನೂ ಸೇರಿಸಿ.