ಡ್ಯೂಟಿ ಮುಗಿದ ಮೇಲಿನ ಅರ್ಧ ದಿನ

(ತೂಕದ ಯಂತ್ರಗಳ ಮಾರಾಟ ಮತ್ತು ರಿಪೇರಿ ಕೆಲಸಕ್ಕಾಗಿ ದಾವಣಗೆರೆಯಿಂದ ರಾಜ್ಯವೆಲ್ಲ ಸುತ್ತುವ ನಮ್ಮ ಅಂಕಣಕಾರರು, ಕೆಲಸದ ಮೇಲೆ ಊರೂರು ತಿರುಗುವ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಾನು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಮಾರ್ಚ್ ಮೊದಲ ವಾರ ವಿಜಯಪುರಕ್ಕೆ ಹಾಕಿದ್ದಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕೆಲಸ. ಗೋಳಗುಮ್ಮಟ ಶಾಲೆಯಲ್ಲಿದ್ದಾಗಲೇ ನೋಡಿಯಾಗಿದೆ. ದ್ರಾಕ್ಷಿ ತೋಟ ನೋಡುವ ಆಸೆ. ಸಾಧ್ಯವೇ?
– ಓದುಗರು, ಮೈಸೂರು

ಉತ್ತರ: ಸಾಧ್ಯ ಸಾರ್. ಮಾರ್ಚ್ ಸಿಕ್ಕಿದ್ದು ನಿಮ್ಮ ಅದೃಷ್ಟ. ಆ ಕಡೆ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಕಡ್ಡಿ ಕತ್ತರಿಸುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲಿ ಅಂತ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರ್‌ನಲ್ಲಿ ಕತ್ತರಿಸಿದ್ದು ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಜೂನ್‌ನಲ್ಲಿ ಹೋಗಿದ್ದರೆ ಬರೀ ಎಲೆ ನೋಡಿ ಬರಬೇಕಿತ್ತು.

ಆದರೆ ನನ್ನನ್ನು ಕೇಳಿದರೆ ತೋಟಕ್ಕಿಂತ ಒಣದ್ರಾಕ್ಷಿ ಶೆಡ್ಡು ನೋಡಿ. ತಿಕೋಟಾ, ಬಬಲೇಶ್ವರದ ಕಡೆ ರಸ್ತೆ ಪಕ್ಕದಲ್ಲೇ ಸಾಲು ಸಾಲಾಗಿ ಕಾಣುತ್ತವೆ. ಮೇಲೆ ಶೀಟು, ಸುತ್ತ ನೆರಳು ಪರದೆ, ಒಳಗೆ ಅಂತಸ್ತಿನ ಮೇಲೆ ಅಂತಸ್ತು ಬಲೆ ಬಿಗಿದಿರುತ್ತಾರೆ. ಕೊಯ್ದ ಗೊಂಚಲನ್ನು ಕ್ರೇಟಿನ ಸಮೇತ ಒಂದು ದ್ರಾವಣದಲ್ಲಿ ಅದ್ದುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಇರುತ್ತದೆ. ಹಣ್ಣಿನ ಮೇಲಿನ ಮೇಣದ ಪದರ ಹೋಗಿ ನೀರು ಬೇಗ ಆರಲಿ ಅಂತ ಈ ಕೆಲಸ. ಆಮೇಲೆ ಬಲೆ ಮೇಲೆ ಹರಡುತ್ತಾರೆ. ಬಿಸಿಲು ನೇರವಾಗಿ ಬೀಳಬಾರದು, ಬಿದ್ದರೆ ಬಣ್ಣ ಕಂದಾಗುತ್ತದೆ. ಗಾಳಿ ಮಾತ್ರ ಆಡಬೇಕು. ಹೆಚ್ಚು ಕಡಿಮೆ ಎರಡು ವಾರ ಹೀಗೇ ಇರುತ್ತದೆ. ಮೊದಲ ಅಂತಸ್ತಿನಲ್ಲಿ ಇವತ್ತು ಹಾಕಿದ ಹಸಿರು ಹಣ್ಣು, ಪಕ್ಕದಲ್ಲಿ ವಾರದ ಹಿಂದಿನ ಸುಕ್ಕು ಹಣ್ಣು, ಆ ತುದಿಯಲ್ಲಿ ಒಣಗಿದ್ದು. ಒಂದೇ ಶೆಡ್ಡಿನಲ್ಲಿ ನಡೆದುಕೊಂಡು ಹೋದರೆ ಎರಡು ವಾರದ ಕೆಲಸ ಕಣ್ಣಿಗೆ ಬೀಳುತ್ತದೆ. ವಾಸನೆಯೂ ಹುಳಿಯಿಂದ ಸಿಹಿಗೆ ತಿರುಗುತ್ತ ಹೋಗುತ್ತದೆ.

ನಾನು ಅಲ್ಲಿಗೆ ಹೋಗುವುದು ಪ್ಲಾಟ್‌ಫಾರ್ಮ್ ತಕ್ಕಡಿ ಸರಿ ಮಾಡಲು. ಸುಮಾರು ನಾಲ್ಕು ಕೆಜಿ ಹಣ್ಣು ಒಣಗಿಸಿದರೆ ಒಂದು ಕೆಜಿ ಸಿಗುತ್ತದೆ. ಹಾಗಾಗಿ ಕೊನೆಗೆ ಬಾಕ್ಸು ತುಂಬುವಾಗ ನೂರು ಗ್ರಾಂ ಆಚೀಚೆ ಆದರೂ ಅವರ ಮುಖ ಬದಲಾಗುತ್ತದೆ. ಆ ತಿಂಗಳು ಅಲ್ಲಿ ಯಾರನ್ನೇ ಮಾತಾಡಿಸಿ, ಒಂದು ಕಣ್ಣು ಆಕಾಶದ ಮೇಲಿರುತ್ತದೆ. ಹಣ್ಣು ಬಲೆ ಮೇಲಿದ್ದಾಗ ಅಕಾಲ ಮಳೆ ಬಿದ್ದು ಥಂಡಿ ಹಿಡಿದರೆ ಬಣ್ಣ ಕೆಡುತ್ತದೆ, ರೇಟು ಬೀಳುತ್ತದೆ. ಮೋಡ ಕವಿದ ದಿನ ಹೋದರೆ ಜಾಸ್ತಿ ಪ್ರಶ್ನೆ ಕೇಳಬೇಡಿ.

ಸಮಯದ ಲೆಕ್ಕ ಹೀಗೆ. ಬೆಳಿಗ್ಗೆ ಆರೂವರೆಗೆ ಬಸ್ಸೋ ಆಟೋವೋ ಹಿಡಿದು ತಿಕೋಟಾ ಕಡೆ ಹೊರಟರೆ ಒಂಬತ್ತೂವರೆಗೆ ವಾಪಸ್ ಶಾಖೆಯ ಬಾಗಿಲಲ್ಲಿರಬಹುದು. ತಿನ್ನುವ ಹಣ್ಣಿನ ತೋಟಕ್ಕೆ ಹೋದರೆ ಗೊಂಚಲು ಮುಟ್ಟಬೇಡಿ. ಕಾಯಿಯ ಮೇಲಿನ ಬಿಳಿ ಪುಡಿಯಂಥ ಹೊದಿಕೆ ಅಳಿಸಿದರೆ ಮಾಲಿನ ಚೆಂದ ಹೋಯಿತು. ಕಿತ್ತು ಬಾಯಿಗೂ ಹಾಕಬೇಡಿ. ಕೊನೆಯ ಸಲ ಔಷಧಿ ಯಾವಾಗ ಹೊಡೆದರು ಅಂತ ತೋಟದವರಿಗೆ ಮಾತ್ರ ಗೊತ್ತು.

ಇನ್ನೊಂದು ಮಾತು, ನೀವು ಬ್ಯಾಂಕಿನವರು ಅಂತ ಹೇಳುತ್ತಿದ್ದೇನೆ. ನೀವು ಫೈಲು ನೋಡುತ್ತಿರುವ ಶಾಖೆಯ ಸಾಲಗಾರರ ತೋಟಕ್ಕೆ ಹೋಗಬೇಡಿ. ಮ್ಯಾನೇಜರ್ ಖುಷಿಯಿಂದ ಕರೆದುಕೊಂಡು ಹೋಗುತ್ತಾರೆ. ಹೊರಡುವಾಗ ಹದಿನೈದು ಕೆಜಿಯ ಬಾಕ್ಸು ಡಿಕ್ಕಿಯಲ್ಲಿ ಕೂತಿರುತ್ತದೆ. ಆಮೇಲೆ ಬೇಡ ಅನ್ನುವುದು ಕಷ್ಟ. ಲಾಡ್ಜಿನ ಹುಡುಗನನ್ನೋ ಖಾನಾವಳಿಯವರನ್ನೋ ಕೇಳಿ. ಒಬ್ಬರ ಮಾವನ ಶೆಡ್ಡಾದರೂ ಇದ್ದೇ ಇರುತ್ತದೆ.

ಗೋಳಗುಮ್ಮಟವನ್ನು ಮಾತ್ರ ಬಿಡಬೇಡಿ. ಶಾಲೆಯಲ್ಲಿ ನೋಡಿದ್ದು ನೋಡಿದ ಹಾಗಲ್ಲ. ಆವತ್ತು ನೀವೂ ಕೂಗಿರುತ್ತೀರಿ, ಜೊತೆಯವರೂ ಕೂಗಿರುತ್ತಾರೆ, ಯಾರ ದನಿ ಯಾರಿಗೆ ಕೇಳಿಸಿತು? 1656ರಲ್ಲಿ ಮುಗಿದ ಕಟ್ಟಡ. ಮಹಮ್ಮದ್ ಆದಿಲ್ ಷಾನ ಗೋರಿ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಒಳಗೆ ಒಂದು ಕಂಬ ಇಲ್ಲ. ಗೇಟು ತೆಗೆದ ಕೂಡಲೇ ಹೋಗಿ ಮೂಲೆಯ ಗೋಪುರದ ಮೆಟ್ಟಿಲು ಹತ್ತಿ, ಶಾಲಾ ಬಸ್ಸುಗಳು ಬರುವ ಮೊದಲು ಪಿಸುಮಾತಿನ ಗ್ಯಾಲರಿಯಲ್ಲಿ ಕೂತು ನೋಡಿ. ಎದುರಿನ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ. ಕೆಲಸ ಬಿಟ್ಟ ಮೇಲೆ ಸ್ವಲ್ಪ ಬೆಳಕಿದ್ದರೆ ಬಾರಾ ಕಮಾನ್ ಸಾಕು, ಊರೊಳಗೇ ಇದೆ. ಇಬ್ರಾಹಿಂ ರೋಜಾವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಅಲ್ಲಿ ಅವಸರ ಮಾಡಬಾರದು.

ಪ್ರಶ್ನೆ: ಕಂಪನಿ ಖರ್ಚಿನಲ್ಲಿ ಹೋಗಿ ಊರು ನೋಡುವುದು ತಪ್ಪಲ್ಲವೇ? ನಮ್ಮ ಆಫೀಸಿನಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ಆಯಿತು.
– ಓದುಗರು, ಬೆಳಗಾವಿ

ಉತ್ತರ: ಬೆಳಗಿನ ಆರರಿಂದ ಒಂಬತ್ತು ಯಾರ ಸಮಯ? ನಿಮ್ಮದು. ಆ ಹೊತ್ತಿನ ಆಟೋ ದುಡ್ಡೂ ನಿಮ್ಮದೇ ಆಗಿರಲಿ. ಟಿಎ ಬಿಲ್ಲಿನಲ್ಲಿ ‘ಲೋಕಲ್ ಕನ್ವೇಯನ್ಸ್’ ಅಂತ ಸೇರಿಸಬೇಡಿ. ಗಿರಾಕಿಯ ಕಾರು ಕೇಳಬೇಡಿ. ಇಷ್ಟಾದ ಮೇಲೂ ಚರ್ಚೆ ಮಾಡುವವರು ಲಾಡ್ಜಿನಲ್ಲಿ ಟಿವಿ ನೋಡಿಕೊಂಡು ಇರಲಿ ಬಿಡಿ.

ಪ್ರಶ್ನೆ: ನಾನು ಲೆಕ್ಕಪರಿಶೋಧನೆ ಕೆಲಸದ ಮೇಲೆ ಆಗಾಗ ಹಾವೇರಿಗೆ ಹೋಗುತ್ತೇನೆ. ಒಬ್ಬಳೇ ಇರುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನೋಡಬೇಕು ಅಂತ ಬಹಳ ದಿನದಿಂದ ಇದೆ. ಹೆಂಗಸರು ಒಬ್ಬರೇ ಹೋಗಬಹುದೇ? ಯಾವಾಗ ಹೋಗಲಿ?
– ಓದುಗರು, ತುಮಕೂರು

ಉತ್ತರ: ಧಾರಾಳವಾಗಿ ಹೋಗಿ ತಾಯಿ. ಅಲ್ಲಿ ಒಳಗೆ ಕೂತು ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ಮೆಣಸಿನಕಾಯಿ ರಾಶಿ ಸುತ್ತ ಕೂತು ತೊಟ್ಟು ಬಿಡಿಸುವುದು, ಆರಿಸುವುದು ಅವರ ಕೈಯಲ್ಲೇ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನ. ಫೆಬ್ರವರಿ, ಮಾರ್ಚ್‌ನಲ್ಲಿ ಮಾಲು ಅತಿ ಜಾಸ್ತಿ. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಲಾರಿಗಳು ಬಂದು ನಿಂತಿರುತ್ತವೆ. ಹೆದ್ದಾರಿಯ ಮೋಟೆಬೆನ್ನೂರಿನಿಂದ ಬ್ಯಾಡಗಿ ಹತ್ತಿರ, ರೈಲೂ ಇದೆ.

ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ಗಂಟಲು ಕೆರೆಯಲು ಶುರುವಾಗುತ್ತದೆ. ಸೆರಗೋ ದುಪಟ್ಟಾವೋ ಮೂಗಿಗೆ ಕಟ್ಟಿಕೊಳ್ಳಿ, ನೀರಿನ ಬಾಟಲಿ ಇಟ್ಟುಕೊಳ್ಳಿ. ಏನೇ ಆದರೂ ಕಣ್ಣು ಉಜ್ಜಬೇಡಿ. ನನ್ನ ಜೊತೆ ಬಂದಿದ್ದ ಹೊಸ ಹುಡುಗ ಕಣ್ಣು ಉಜ್ಜಿ, ತಕ್ಕಡಿ ಮುಂದೆ ಅಳುತ್ತ ಕೂತಿದ್ದ. ಹಮಾಲರು ಇವತ್ತಿಗೂ ಅವನ ಆರೋಗ್ಯ ವಿಚಾರಿಸುತ್ತಾರೆ.

ಅಲ್ಲಿ ಕಲಿಯಬೇಕಾದದ್ದು ಡಬ್ಬಿ, ಕಡ್ಡಿ ಅನ್ನುವ ಎರಡು ಬಗೆಯ ಮೆಣಸಿನಕಾಯಿಗೆ ಇರುವ ವ್ಯತ್ಯಾಸ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳ್ಳಗೆ, ಮೈ ತುಂಬ ಸುಕ್ಕು. ಎರಡರಲ್ಲೂ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣವನ್ನೇ ತೆಗೆದು ತಿಂಡಿ ತಿನಿಸಿಗೆ, ಲಿಪ್‌ಸ್ಟಿಕ್ಕಿಗೆ ಕಳಿಸುತ್ತಾರೆ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ವ್ಯಾಪಾರಿಗಳು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಅಮುಕಿ ನೋಡುತ್ತಾರೆ. ಸದ್ದು ಬಂದರೆ ಒಣಗಿದೆ, ಮೆತ್ತಗಿದ್ದರೆ ಹಸಿ ಇದೆ. ಹಸಿ ಮಾಲು ತಕ್ಕಡಿಯಲ್ಲಿ ತೂಗುತ್ತದೆ, ಆಮೇಲೆ ಗೋದಾಮಿನಲ್ಲಿ ಕೂತು ತೂಕ ಕಳೆದುಕೊಳ್ಳುತ್ತದೆ. ಅಲ್ಲಿನ ಅರ್ಧ ಜಗಳ ಇದರದ್ದೇ. ಟೆಂಡರ್ ಬೆಲೆ ಗೊತ್ತಾಗುವ ಹೊತ್ತಿನಲ್ಲಿ ರೈತರನ್ನು ಮಾತಾಡಿಸಬೇಡಿ, ಬೆಳಿಗ್ಗೆ ಬೇಗ ಹೋಗಿ ಮಾತಾಡಿಸಿ. ಆಗ ಚಹಾವನ್ನೂ ಅವರೇ ಕುಡಿಸುತ್ತಾರೆ.

ಹಾವೇರಿಯಲ್ಲೇ ಉಳಿಯುವ ಸಂಜೆ ಸಿದ್ದೇಶ್ವರ ದೇವಸ್ಥಾನಕ್ಕೆ ಹೋಗಿ. ಚಾಲುಕ್ಯರ ಕಾಲದ್ದು, ಪಶ್ಚಿಮಕ್ಕೆ ಮುಖ. ಹಾಗಾಗಿ ಇಳಿಬಿಸಿಲು ನೇರವಾಗಿ ಕಂಬಗಳ ಮೇಲೆ ಬೀಳುತ್ತದೆ. ಹುಬ್ಬಳ್ಳಿ ಕಡೆ ಹೊರಟಿದ್ದರೆ ಬಂಕಾಪುರದಲ್ಲಿ ಇಳಿಯಿರಿ. ಕೋಟೆಯೊಳಗೆ ಅರವತ್ತಾರು ಕಂಬದ ನಗರೇಶ್ವರ ಗುಡಿ ಇದೆ, ಕೋಟೆ ತುಂಬ ನವಿಲು. ಎರಡೂ ಸೇರಿ ಒಂದೂವರೆ ಗಂಟೆ ಸಾಕು.

ಪ್ರಶ್ನೆ: ನಾನು ಮೆಡಿಕಲ್ ರೆಪ್. ಜುಲೈನಲ್ಲಿ ಶಿರಸಿ ಟೂರ್ ಬಿದ್ದಿದೆ. ಮಳೆಯಲ್ಲಿ ಏನು ನೋಡುವುದು? ಸಹಸ್ರಲಿಂಗಕ್ಕೆ ಹೋಗಬೇಕು ಅಂದುಕೊಂಡಿದ್ದೇನೆ.
– ಓದುಗರು, ಹುಬ್ಬಳ್ಳಿ

ಉತ್ತರ: ಸಹಸ್ರಲಿಂಗ ಬೇಡ ತಮ್ಮಾ. ಜುಲೈನಲ್ಲಿ ಶಾಲ್ಮಲೆ ತುಂಬಿ ಹರಿಯುತ್ತಾಳೆ, ಲಿಂಗಗಳೆಲ್ಲ ನೀರಿನಡಿ. ಹೋಗಿ ಕೆಂಪು ನೀರು ನೋಡಿ, ಕಾಲು ಜಾರಿ, ಸ್ಯಾಂಪಲ್ ಬ್ಯಾಗು ಹೊಳೆಗೆ ಬಿಡಬೇಡ. ಬನವಾಸಿಗೆ ಹೋಗು. ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಕದಂಬರ ರಾಜಧಾನಿ, ಮಧುಕೇಶ್ವರನ ದೇವಸ್ಥಾನ, ಮಳೆಯಲ್ಲಿ ಜನವೇ ಇರುವುದಿಲ್ಲ. ದಾರಿಯುದ್ದಕ್ಕೂ ಅನಾನಸ್ ಹೊಲ.

ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ನವೆಂಬರ್‌ನಿಂದ ಫೆಬ್ರವರಿ. ಆದರೆ ಜುಲೈನಲ್ಲೂ ತೋಟ ಸುಮ್ನೆ ಕೂತಿರುವುದಿಲ್ಲ. ಕೊಳೆ ರೋಗದ ಕಾಲ ಅದು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇದೇ ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆದು, ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಆ ಎರಡನೇ ಸಲ ಬರುವುದು ಜುಲೈನಲ್ಲಿ, ಮಳೆ ಬಿಡುವುದೇ ಇಲ್ಲ. ಅರ್ಧ ದಿನ ಹೊಳವಾದರೆ, ಅಂದರೆ ಮಳೆ ಬಿಟ್ಟರೆ ಸಾಕು, ಅಡಿಕೆ ಮರ ಹತ್ತುವ ಕೊನೆಗೌಡರಿಗೆ ಫೋನು ಹೋಗುತ್ತದೆ. ಒಬ್ಬರನ್ನು ಹಿಡಿಯಲು ನಾಲ್ಕು ಮನೆಯವರು ಕಾಯುತ್ತಿರುತ್ತಾರೆ. ಹಾಗೆ ಹೊಳವಾದ ದಿನ ಸಿಕ್ಕರೆ ತೋಟದ ಮೇಲ್ಗಡೆ ನಿಂತು ನೋಡು. ಮರದ ತುದಿಯಲ್ಲಿರುವವರು ಒಂದು ಮರದಿಂದ ಇನ್ನೊಂದಕ್ಕೆ ನೆಲ ಮುಟ್ಟದೇ ದಾಟುತ್ತಾರೆ. ಕೆಳಗೆ ನಿಲ್ಲಬೇಡ, ನೀಲಿ ನೀರು ತಲೆ ಮೇಲೆ ಬೀಳುತ್ತದೆ. ಬಿಳಿ ಶರ್ಟಂತೂ ಹಾಕಲೇಬೇಡ.

ಕಾಲಿಗೆ ಉಂಬಳ, ಅಂದರೆ ಜಿಗಣೆ ಹತ್ತುತ್ತದೆ. ಹೆದರಿ ಕಿರುಚಿದರೆ ಮನೆಯವರು ನಗುತ್ತಾರೆ ಅಷ್ಟೇ. ಒಳಗೆ ಕರೆದು ಆಸರಿಗೆ (ಕುಡಿಯಲು ಏನಾದರೂ) ಬೇಕಾ ಅಂತ ಕೇಳುತ್ತಾರೆ. ಬೇಡ ಅನ್ನಬೇಡ. ಮಾವಿನಕಾಯಿಯ ಅಪ್ಪೆಹುಳಿ ಸಿಕ್ಕರೆ ನನ್ನ ಪಾಲಿನದ್ದನ್ನೂ ನೀನೇ ಕುಡಿ. ಸಂಜೆ ಪೇಟೆಯಲ್ಲೇ ಇದ್ದರೆ ಮಾರಿಕಾಂಬೆಗೆ ಕೈ ಮುಗಿ. ಹಗಲು ಹೊತ್ತು ಬಿಡುವಾದರೆ 1923ರಲ್ಲಿ ಶುರುವಾದ ತೋಟಗಾರ್ಸ್ ಸಹಕಾರ ಸಂಘ, ಅದೇ ಟಿಎಸ್‌ಎಸ್ ಕಡೆ ಹೋಗಿ ಬಾ. ಚಾಲಿ, ರಾಶಿ, ಬೆಟ್ಟೆ ಅಂತ ಅಡಿಕೆಯನ್ನು ಬೇರೆ ಬೇರೆ ಮಾಡಿಟ್ಟಿರುವುದನ್ನು ನೋಡಿದರೆ, ಗುಟ್ಕಾ ಪ್ಯಾಕೆಟ್ಟಿನಲ್ಲಿ ಕಾಣುವುದಷ್ಟೇ ಅಡಿಕೆ ಅಲ್ಲ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ತಿಂಗಳಿಗೊಮ್ಮೆ ಕೆಲಸಕ್ಕೆ ರಾಮನಗರಕ್ಕೆ ಹೋಗುತ್ತೇನೆ. ಈ ಸಲ ಶನಿವಾರ ಮಗಳನ್ನೂ ಕರೆದುಕೊಂಡು ಹೋಗಿ ರೇಷ್ಮೆ ಹುಳು ತೋರಿಸಬೇಕು. ಯಾರದಾದರೂ ಹುಳುಮನೆಗೆ ಬಿಡುತ್ತಾರಾ?
– ಓದುಗರು, ಬೆಂಗಳೂರು

ಉತ್ತರ: ಬಿಡುವುದಿಲ್ಲ, ಬಿಟ್ಟರೂ ಹೋಗಬೇಡಿ. ಹುಳು ಬಲು ಸೂಕ್ಷ್ಮ. ನಿಮ್ಮ ಸೆಂಟು, ಬಸ್ಸಿನಲ್ಲಿ ಪಕ್ಕದವರು ಸೇದಿದ ಬೀಡಿ ಹೊಗೆ, ರಾತ್ರಿ ಲಾಡ್ಜಿನಲ್ಲಿ ಹಚ್ಚಿದ ಸೊಳ್ಳೆ ಬತ್ತಿ, ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಇನ್ನೊಂದು ಹುಳುಮನೆಯಿಂದ ಕಾಲಿಗೆ ಅಂಟಿಕೊಂಡು ರೋಗ ಬರಬಹುದು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಇಟ್ಟಿರುವುದು ಅದಕ್ಕೇ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹುಳುವಿಗೆ ಹಗಲು ರಾತ್ರಿ ಸೊಪ್ಪು ಹಾಕುತ್ತಿರುತ್ತಾರೆ, ನೆಂಟರನ್ನೂ ಹೊರಗಡೆಯೇ ಕೂರಿಸುತ್ತಾರೆ.

ಮಗಳನ್ನು ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಿ. ಬೆಳಿಗ್ಗೆಯೇ ಹೋಗಬೇಕು. ಬೈವೋಲ್ಟಿನ್ ತಳಿಯ ಬಿಳಿ ಗೂಡು, ಸಿಬಿ ಅಂದರೆ ಮಿಶ್ರತಳಿಯ ಹಳದಿ ಗೂಡು, ರಾಶಿ ರಾಶಿ. ಒಂದು ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಲು ಹೇಳಿ, ಒಳಗಿನ ಕೋಶ ಲೊಟಲೊಟ ಅನ್ನುತ್ತದೆ. ಮೊದಲು ಗೂಡಿನ ಯಜಮಾನರನ್ನು ಕೇಳಿ. ಆ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ನೂಲು ಕಡಿದುಹೋಯಿತು. ಹಾಗಾಗಿ ರೇಟು ಕಡಿಮೆ ಅಂತ ರೈತರು ಮಾಲು ಇಟ್ಟುಕೊಂಡು ಕಾಯುವ ಹಾಗಿಲ್ಲ, ಬಂದ ಬೆಲೆಗೆ ಕೊಡಲೇಬೇಕು. ಇದನ್ನು ಮಗಳಿಗೆ ಹೇಳಿ. ದೊಡ್ಡವರಾದ ನಮಗೂ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಮಧ್ಯಾಹ್ನ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಹಳೇ ಬೆಂಗಳೂರು-ಮೈಸೂರು ಹೆದ್ದಾರಿ ಪಕ್ಕ. ಒನಕೆ, ಕಣಜ, ನೇಗಿಲು, ಕೂರಿಗೆ ಎಲ್ಲ ಇವೆ. ಹಳೇ ಅಳತೆಯ ಸಾಮಾನು ಕಂಡರೆ ನಾನಂತೂ ಅಲ್ಲಿಂದ ಕದಲುವುದಿಲ್ಲ.

ಪ್ರಶ್ನೆ: ಕಾಫಿ ಹೂ ನೋಡಲು ಚಿಕ್ಕಮಗಳೂರಿನ ಮೀಟಿಂಗನ್ನು ಯಾವ ದಿನಾಂಕಕ್ಕೆ ಇಡಿಸಿಕೊಳ್ಳಲಿ?
– ಓದುಗರು, ಮಂಗಳೂರು

ಉತ್ತರ: ದಿನಾಂಕ ನಿಮ್ಮ ಕೈಲೂ ಇಲ್ಲ, ನಿಮ್ಮ ಬಾಸ್ ಕೈಲೂ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದು ಎಂಟು, ಹತ್ತು ದಿನಕ್ಕೆ ಅರಳುತ್ತದೆ. ಎರಡು, ಮೂರು ದಿನ ತೋಟವೆಲ್ಲ ಬೆಳ್ಳಗೆ, ಆಮೇಲೆ ಮುಗಿಯಿತು. ಅಲ್ಲಿ ನಿಮ್ಮ ಗಿರಾಕಿ ಯಾರಾದರೂ ಇದ್ದರೆ ಮಳೆ ಬಿದ್ದ ದಿನ ಒಂದು ಫೋನು ಮಾಡಲು ಹೇಳಿಡಿ. ಸ್ಪ್ರಿಂಕ್ಲರ್ ಇರುವ ರೊಬಸ್ಟಾ ತೋಟದವರಾದರೆ ನೀರು ಬಿಟ್ಟ ದಿನವನ್ನೇ ಹೇಳುತ್ತಾರೆ, ಲೆಕ್ಕ ಇನ್ನೂ ಸುಲಭ.

ಪ್ರಶ್ನೆ: ತೋಟ ತೋರಿಸಿದವರಿಗೆ ದುಡ್ಡು ಕೊಡಬೇಕಾ?
– ಓದುಗರು, ಕಲಬುರಗಿ

ಉತ್ತರ: ಟಿಕೆಟ್ ಇಟ್ಟು ತೋರಿಸುವ ಕಡೆ ಚೌಕಾಸಿ ಮಾಡದೆ ಕೊಡಿ. ಪ್ರೀತಿಯಿಂದ ಕರೆದವರಿಗೆ ದುಡ್ಡು ಚಾಚಿದರೆ ಬೇಜಾರಾಗುತ್ತದೆ. ಅವರು ಬೆಳೆದದ್ದನ್ನು ಅವರು ಹೇಳಿದ ರೇಟಿಗೆ ಎರಡು ಕೆಜಿ ಕೊಂಡುಕೊಳ್ಳಿ. ನಿಮ್ಮ ಕಡೆಯ ತೊಗರಿಬೇಳೆ ಒಂದು ಕೆಜಿ ಬ್ಯಾಗಿನಲ್ಲಿದ್ದರೆ ಇನ್ನೂ ಒಳ್ಳೆಯದು, ಮಲೆನಾಡಿನ ಮನೆಗಳಲ್ಲಿ ಅದಕ್ಕೆ ಬಹಳ ಬೆಲೆ ಇದೆ. ಫೋಟೋ ಕಳಿಸುತ್ತೇನೆ ಅಂತ ಹೇಳಿ ಬಂದಿದ್ದರೆ ಅದೇ ರಾತ್ರಿ ಲಾಡ್ಜಿನಿಂದಲೇ ಕಳಿಸಿ. ಊರು ಸೇರಿದ ಮೇಲೆ ಯಾರೂ ಕಳಿಸುವುದಿಲ್ಲ.