ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ: ಹೊಸ ಎಕ್ಸಾಸ್ಟ್ ಯಾಕೆ ಕೂರುತ್ತಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಕಾರುಗಳ ಎಕ್ಸಾಸ್ಟ್, ಅಂದರೆ ಹೊಗೆ ಕೊಳವೆಯ ತೊಂದರೆಯೇ ಜಾಸ್ತಿ. ಊರು ಬೇರೆ, ಕಾರು ಬೇರೆ, ಆದರೆ ದೂರು ಹೆಚ್ಚುಕಮ್ಮಿ ಒಂದೇ. ಮಾರುವವರು ಸುಮ್ನೆ ಬೋಲ್ಟ್ ಹಾಕಿದರೆ ಸಾಕು ಅಂದಿದ್ದರು, ಕಾರಿನ ಕೆಳಗೆ ಹೋಗಿ ನೋಡಿದರೆ ಎಲ್ಲೋ ಒಂದು ಕಡೆ ತೂತು ತಪ್ಪುತ್ತಿದೆ, ಇಲ್ಲಾ ತಾಗುತ್ತಿದೆ, ಇಲ್ಲಾ ಹೊಗೆ ಸೋರುತ್ತಿದೆ. ಅದಕ್ಕೇ ಈ ಸಂಚಿಕೆಯಲ್ಲಿ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವಕ್ಕೆ ಮಾತ್ರ ಉತ್ತರ ಬರೆದಿದ್ದೇನೆ.

ಸರ್, ನನ್ನದು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಇಂಗ್ಲೆಂಡಿನಲ್ಲಿರುವ ಭಾವನ ಕೈಲಿ ಸೆಕೆಂಡ್ ಹ್ಯಾಂಡ್ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಕೆಳಗಿಳಿಸುವ ಪೈಪ್) ತರಿಸಿದೆ. ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್‌ನಿಂದ ಬಿಚ್ಚಿದ್ದು, ಎರಡಕ್ಕೂ ಎಂಜಿನ್ ಒಂದೇ, ಕೂರುತ್ತೆ ಅಂತ ಮಾರಿದವರು ಹೇಳಿದ್ದರು. ಟರ್ಬೊ ಕಡೆ ಕ್ಲ್ಯಾಂಪ್ ಸರಿಯಾಗಿ ಕೂತಿದೆ. ಹಿಂದಿನ ತುದಿ ಮಾತ್ರ ಹಳೇ ಪೈಪಿಗೆ ಸೇರುತ್ತಿಲ್ಲ, ಬ್ರಾಕೆಟ್ಟಿನ ತೂತೂ ತಪ್ಪಿದೆ. ಕೆಳಗಿಂದ ಜಾಕ್ ಕೊಟ್ಟು ಎತ್ತಿ ಬೋಲ್ಟ್ ಬಿಗಿದುಬಿಡೋಣ ಅಂತಾರೆ ಮೆಕ್ಯಾನಿಕ್. ಬಿಗಿಸಲಾ?
— ಓದುಗರು, ಬೆಂಗಳೂರು

ಬೇಡ. ದಯವಿಟ್ಟು ಬಿಗಿಸಬೇಡಿ.

ಮಾರಿದವರು ಹೇಳಿದ್ದರಲ್ಲಿ ಅರ್ಧ ನಿಜ. ಎರಡರಲ್ಲೂ ಇರುವುದು ಫೋಕ್ಸ್‌ವ್ಯಾಗನ್ ಗುಂಪಿನ ಇಎ888 ಕುಟುಂಬದ 2 ಲೀಟರ್ ಎಂಜಿನ್. ಟರ್ಬೊ ಬಾಯಿಗೆ ಪೈಪ್ ಸೇರುವ ರೀತಿಯೂ ಒಂದೇ, ಅದಕ್ಕೇ ನಿಮಗೆ ಮೇಲಿನ ಕ್ಲ್ಯಾಂಪ್ ಸಲೀಸಾಗಿ ಕೂತಿದ್ದು. ಆದರೆ ಗಾಲ್ಫ್ ಆರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಹಿಂದಿನ ಚಕ್ರಕ್ಕೆ ಶಾಫ್ಟ್ ಕಳಿಸುವ ಗೇರ್ ಡಬ್ಬಿಯೊಂದು ಎಂಜಿನ್ನಿನ ಹಿಂಬದಿಯಲ್ಲಿ, ಸರಿಯಾಗಿ ಡೌನ್‌ಪೈಪ್ ಇಳಿಯುವ ಜಾಗದಲ್ಲೇ ಇರುತ್ತದೆ. ಪೈಪ್ ಅದನ್ನು ಬಳಸಿಕೊಂಡು ಬರಬೇಕು. ನಿಮ್ಮ ಆರ್‌ಎಸ್ 230 ಮುಂದಿನ ಚಕ್ರದ ಕಾರು, ಅದರಲ್ಲಿ ಆ ಡಬ್ಬಿಯೂ ಇಲ್ಲ, ಆ ಶಾಫ್ಟೂ ಇಲ್ಲ. ಹಾಗಾಗಿ ಒಳ್ಳೆಯ ತಯಾರಕರು ಈ ಎರಡಕ್ಕೂ ಬೇರೆ ಬೇರೆ ಪೈಪ್ ಮಾಡುತ್ತಾರೆ, ಪಾರ್ಟ್ ನಂಬರೂ ಬೇರೆ ಇರುತ್ತದೆ. ಎಂಜಿನ್ ಹೆಸರು ನೋಡಿ ಎಕ್ಸಾಸ್ಟ್ ಕೊಳ್ಳಬಾರದು ಅನ್ನುವುದು ಇದಕ್ಕೇ. ಡ್ರೈವ್ ಯಾವುದು, ಗೇರ್‌ಬಾಕ್ಸ್ ಯಾವುದು, ಸ್ಟೀರಿಂಗ್ ಯಾವ ಕಡೆ, ಯಾವ ವರ್ಷದ ಕಾರು, ಇಷ್ಟೂ ತಾಳೆಯಾಗಬೇಕು. ಸುಬಾರು ಡಬ್ಲ್ಯುಆರ್‌ಎಕ್ಸ್‌ನ 2015ರ ಮಾಡೆಲ್ ತಗೊಳ್ಳಿ, ಅದೇ ಎಂಜಿನ್, ಅದೇ ಬಾಡಿ, ಆದರೂ ಮ್ಯಾನ್ಯುಯಲ್ ಕಾರಿನ ಜೆ-ಪೈಪ್ (ಆ ಕಾರಿನ ಡೌನ್‌ಪೈಪಿಗೆ ಹಾಗೆನ್ನುತ್ತಾರೆ) ಸಿವಿಟಿ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕಾರಿಗೆ ಆಗುವುದಿಲ್ಲ.

ಇನ್ನು ಜಾಕ್ ವಿಷಯ. ನಿಮ್ಮ ಎಂಜಿನ್ ಅಡ್ಡಡ್ಡ ಕೂತಿದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಅದು ಮೌಂಟಿಂಗ್ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಟರ್ಬೊಗೆ ಕಚ್ಚಿಕೊಂಡ ಡೌನ್‌ಪೈಪೂ ಜೊತೆಗೇ ತೂಗುತ್ತದೆ, ಆದರೆ ಬಾಡಿಗೆ ನೇತುಬಿದ್ದ ಹಿಂದಿನ ಪೈಪ್ ಅಷ್ಟು ಅಲ್ಲಾಡುವುದಿಲ್ಲ. ಈ ವ್ಯತ್ಯಾಸವನ್ನು ನುಂಗಿಕೊಳ್ಳಲೆಂದೇ ನಡುವೆ ಜಾಲರಿ ಹೊದಿಸಿದ ಫ್ಲೆಕ್ಸ್ ಪೈಪ್ ಇರುವುದು. ಜಾಕ್ ಕೊಟ್ಟು ಎತ್ತಿ ಬಿಗಿದರೆ ಫ್ಲೆಕ್ಸ್ ನಿಂತಲ್ಲೇ ಬಾಗಿಕೊಂಡಿರುತ್ತದೆ. ಅಲ್ಲಾಡಲು ಅದಕ್ಕೆ ಉಳಿದ ಜಾಗ ಕಡಿಮೆ. ಸ್ವಲ್ಪ ದಿನದಲ್ಲೇ ಜಾಲರಿಯ ಎಳೆಗಳು ಒಂದೊಂದಾಗಿ ಹರಿಯಲು ಶುರುವಾಗುತ್ತವೆ. ಫ್ಲೆಕ್ಸ್ ತಡೆದುಕೊಂಡಿತು ಅಂತಲೇ ಇಟ್ಟುಕೊಳ್ಳಿ, ಆಗ ಭಾರವೆಲ್ಲ ಟರ್ಬೊ ಬಾಯಿಗೆ ಬೀಳುತ್ತದೆ. ಕಾದು ಕೆಂಪಾಗುವ ಎರಕದ ಲೋಹದ ಮೇಲೆ ದಿನವೂ ಎಳೆತ ಬಿದ್ದರೆ ಏನಾಗುತ್ತದೆ ಅಂತ ನಿಮ್ಮ ಮೆಕ್ಯಾನಿಕ್‌ಗೂ ಗೊತ್ತು. ಪೈಪ್ ದುಡ್ಡು ಹೋದರೆ ಹೋಗಲಿ, ಟರ್ಬೊ ದುಡ್ಡು ಕಳೆದುಕೊಳ್ಳಬೇಡಿ.

ಎರಡು ದಾರಿ ಇದೆ. ಈ ಪೈಪನ್ನು ಗಾಲ್ಫ್ ಆರ್ ಅಥವಾ ಅಂಥದೇ ನಾಲ್ಕು ಚಕ್ರದ ಕಾರಿನವರಿಗೆ ಮಾರಿ, ಮುಂದಿನ ಚಕ್ರದ ಮಾಡೆಲ್ಲಿಗೆ ಅಂತಲೇ ಮಾಡಿದ್ದನ್ನು ಕ್ಯಾಟ್ (ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಸಮೇತ ತಗೊಳ್ಳಿ. ಅದೇ ಒಳ್ಳೆಯದು. ಆಗಲ್ಲ ಅಂದರೆ, ಟಿಗ್ ವೆಲ್ಡಿಂಗ್‌ನಲ್ಲಿ ಕೈ ಪಳಗಿದವರನ್ನು ಹುಡುಕಿ. ಫ್ಲೆಕ್ಸ್ ಆದಮೇಲಿನ ಭಾಗ ಕತ್ತರಿಸಿ, ಪೈಪ್ ಕಾರಿನಲ್ಲಿ ಅದರ ಪಾಡಿಗೆ ಅದು ತೂಗಾಡುತ್ತಿರುವಾಗಲೇ ಜೋಡಿಸಿ ನೋಡಿ ಅಲ್ಲಲ್ಲಿ ಟ್ಯಾಕ್, ಅಂದರೆ ಚುಕ್ಕಿ ವೆಲ್ಡ್ ಹಾಕಿಸಿ, ಆಮೇಲೆ ಬಿಚ್ಚಿ ಹೊರಗಿಟ್ಟು ಪೂರ್ತಿ ವೆಲ್ಡ್ ಮಾಡಿಸಿ. ಟ್ಯಾಕ್ ಹಾಕುವ ಮುಂಚೆ ಬ್ಯಾಟರಿ ಕೇಬಲ್ ತೆಗೆಯಲು ಮರೆಯಬೇಡಿ. ಮುಂದೆ ಹಿಂಭಾಗದ ಸೈಲೆನ್ಸರ್ ಸೆಟ್ಟನ್ನೂ ಗಾಲ್ಫ್‌ದೇ ತರಿಸುವ ಯೋಚನೆ ಇದ್ದರೆ ಅದನ್ನೂ ಬಿಡಿ. ಗಾಲ್ಫ್‌ಗಿಂತ ಆಕ್ಟೇವಿಯಾದ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಸುಮಾರು 5 ಸೆಂ.ಮೀ. ಉದ್ದ, ಪೈಪಿನ ಅಳತೆ ಕೂಡುವುದಿಲ್ಲ.

ನಮಸ್ಕಾರ ಸರ್. ಹಾಸನದವನು, ಮೆಲ್ಬರ್ನ್‌ನಲ್ಲಿ ಕೆಲಸ. 2011ರ ಸುಬಾರು ಡಬ್ಲ್ಯುಆರ್‌ಎಕ್ಸ್‌ಗೆ ಅಮೆರಿಕದಿಂದ ಈಕ್ವಲ್ ಲೆಂತ್ ಹೆಡರ್ (ಎಂಜಿನ್ನಿನಿಂದ ಹೊಗೆ ಹೊರತರುವ, ಒಂದೇ ಉದ್ದದ ಕೊಳವೆಗಳ ಸೆಟ್) ತರಿಸಿ ಹಾಕಿಸಿದೆ. ಈಗ ಪಾರ್ಕಿಂಗ್‌ನಲ್ಲಿ ಪೂರ್ತಿ ತಿರುಗಿಸುವಾಗ ಸ್ಟೀರಿಂಗ್‌ನಲ್ಲಿ ಕಿರ್ ಅಂತ ತಾಗಿದ ಹಾಗಾಗುತ್ತದೆ. ಅಂಗಡಿಯವರು ಪೈಪನ್ನು ಸ್ವಲ್ಪ ತಟ್ಟಿ ಒಳಗೆ ಮಾಡಿಕೊಡುತ್ತೇವೆ ಅಂತಾರೆ.
— ಓದುಗರು, ಮೆಲ್ಬರ್ನ್

ಈ ಪತ್ರ ಓದಿದ ತಕ್ಷಣ ನಿಮಗೆ ಇಮೇಲಿನಲ್ಲಿ ಉತ್ತರ ಬರೆದೆ, ಕಾರು ಓಡಿಸಬೇಡಿ ಅಂತ. ಇಲ್ಲೂ ಬರೆಯುತ್ತಿದ್ದೇನೆ, ಬೇರೆಯವರಿಗೂ ಬೇಕಾಗುತ್ತದೆ. ಪೈಪ್ ಬಾಡಿಗೆ ತಾಗಿದರೆ ಅದು ಸದ್ದಿನ ವಿಷಯ. ಸ್ಟೀರಿಂಗ್ ಶಾಫ್ಟಿಗೆ ತಾಗಿದರೆ ಅದು ಪ್ರಾಣದ ವಿಷಯ.

ಯಾಕೆ ಹೀಗಾಯಿತು ನೋಡಿ. ನಿಮ್ಮ ಕಾರಿನ 2.5 ಲೀಟರ್ ಬಾಕ್ಸರ್ (ಸಿಲಿಂಡರುಗಳು ಎರಡೂ ಪಕ್ಕಕ್ಕೆ ಮಲಗಿರುವ) ಎಂಜಿನ್ನಿನಲ್ಲಿ ಎರಡೂ ಪಕ್ಕದ ಹೊಗೆ ಕೆಳಗೆ ಒಂದಾಗಿ, ಬಲಗಡೆಯಿಂದ ಅಪ್‌ಪೈಪ್ ಮೂಲಕ ಮೇಲಿನ ಟರ್ಬೊಗೆ ಹತ್ತುತ್ತದೆ. ಅಮೆರಿಕದ ಕಾರಿನಲ್ಲಿ ಸ್ಟೀರಿಂಗ್ ಎಡಕ್ಕೆ. ಬಲಗಡೆ ಜಾಗವೋ ಜಾಗ. ಹೆಡರ್ ಮಾಡುವವರು ಅಲ್ಲಿ ಕೊಳವೆಗಳನ್ನು ದೊಡ್ಡದಾಗಿ ಸುತ್ತಿಸಬಹುದು. ಆಸ್ಟ್ರೇಲಿಯಾದಲ್ಲಿ ನಮ್ಮ ಹಾಗೆಯೇ ಸ್ಟೀರಿಂಗ್ ಬಲಕ್ಕೆ, ಶಾಫ್ಟ್ ಇಳಿಯುವುದೂ ಅದೇ ಬಲಗಡೆ. ನಾಲ್ಕೂ ಕೊಳವೆ ಒಂದೇ ಉದ್ದ ಇರಬೇಕು ಅಂದರೆ ಕೆಲವನ್ನು ಸುತ್ತಿ ಬಳಸಿ ತರಲೇಬೇಕು, ಆ ಸುತ್ತು ಬಂದು ಕೂರುವುದು ನಿಮ್ಮ ಶಾಫ್ಟಿನ ಪಕ್ಕ. ಎಡಗಡೆ ಸ್ಟೀರಿಂಗಿಗೆ ಮಾತ್ರ ಅಂತ ಬಹಳಷ್ಟು ಹೆಡರುಗಳ ವಿವರದಲ್ಲೇ ಇರುತ್ತದೆ, ಸಣ್ಣ ಅಕ್ಷರದಲ್ಲಿ.

ಪೂರ್ತಿ ತಿರುಗಿಸಿದಾಗ ಮಾತ್ರ ಯಾಕೆ ಸದ್ದು ಅಂದರೆ, ಶಾಫ್ಟಿನ ನಡುವೆ ಯೂನಿವರ್ಸಲ್ ಜಾಯಿಂಟ್, ಅಂದರೆ ಓರೆಯಲ್ಲೂ ತಿರುಗುವ ಕೀಲು ಇದೆ. ಅದು ಗುಂಡಗಿಲ್ಲ, ಅದಕ್ಕೆ ಮೂಲೆಗಳಿವೆ. ಸ್ಟೀರಿಂಗ್ ನೇರ ಇದ್ದಾಗ ಬೆರಳು ತೂರುವಷ್ಟು ಜಾಗ ಕಾಣುತ್ತದೆ, ತಿರುಗಿಸಿದಾಗ ಮೂಲೆ ಬಂದು ಪೈಪಿಗೆ ತಗಲುತ್ತದೆ. ಅದರ ಮೇಲೆ ನಿಮ್ಮ ಎಂಜಿನ್ ಉದ್ದುದ್ದ ಕೂತಿರುವುದರಿಂದ, ಆಕ್ಟೇವಿಯಾದ ಹಾಗೆ ಹಿಂದೆ ಮುಂದೆ ಅಲ್ಲ, ಎಡ ಬಲಕ್ಕೆ ವಾಲುತ್ತದೆ. ಅಂದರೆ ಓಡಿಸುವಾಗ ಶಾಫ್ಟಿನ ಕಡೆಯ ಸಂದು ಇನ್ನೂ ಬದಲಾಗುತ್ತಿರುತ್ತದೆ. ಮೌಂಟಿಂಗ್ ಹಳೆಯದಾಗಿದ್ದರೆ ಕೇಳುವುದೇ ಬೇಡ.

ಅಳೆಯುವುದು ಸುಲಭ. ಎಂಜಿನ್ ಪೂರ್ತಿ ತಣ್ಣಗಿರುವಾಗ ಪೈಪಿನ ಮೇಲೆ ಮಕ್ಕಳು ಆಡುವ ಕ್ಲೇ ಒಂದು ಉಂಡೆ ಅಂಟಿಸಿ. ಒಬ್ಬರು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಲಿ, ಇನ್ನೊಬ್ಬರು ಸನ್ನೆಕೋಲು ಹಾಕಿ ಎಂಜಿನ್ನನ್ನು ಮೆಲ್ಲಗೆ ಆಚೀಚೆ ಮೀಟಲಿ. ಆಮೇಲೆ ಕ್ಲೇ ಎಷ್ಟು ತೆಳ್ಳಗಾಗಿದೆ ನೋಡಿ. ಅಲ್ಲಿ 10 ಮಿ.ಮೀ.ಗಿಂತ ಕಡಿಮೆ ಉಳಿದರೆ ನಾನಂತೂ ಆ ಕಾರನ್ನು ರಸ್ತೆಗೆ ಬಿಡುವುದಿಲ್ಲ. ತಾಗದಿದ್ದರೂ ಅಷ್ಟು ಹತ್ತಿರದ ಬಿಸಿಗೆ ಜಾಯಿಂಟಿನ ಗ್ರೀಸ್ ಒಣಗುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ.

ತಟ್ಟಿಸುವುದನ್ನು ಒಪ್ಪಬೇಡಿ. ಪೈಪ್ ತಗ್ಗಾದ ಜಾಗದಲ್ಲಿ ಹೊಗೆಯ ದಾರಿ ಕಿರಿದಾಗುತ್ತದೆ, ನೀವು ದುಡ್ಡು ಕೊಟ್ಟು ಕೊಂಡಿದ್ದೇ ಆ ದಾರಿ ಸಲೀಸಾಗಲಿ ಅಂತ ಅಲ್ವಾ? ಶಾಖ ತಡೆಯುವ ಪಟ್ಟಿ ಸುತ್ತಿಸುವುದೂ ಪರಿಹಾರವಲ್ಲ, ಅದು ಇರುವ ಜಾಗವನ್ನೂ ತಿನ್ನುತ್ತದೆ. ಬಲ ಸ್ಟೀರಿಂಗಿಗೆಂದೇ ಮಾಡಿದ ಹೆಡರ್ ಕೊಳ್ಳಿ, ಇಲ್ಲದಿದ್ದರೆ ಹೆಡರ್ ಜಾಗದಲ್ಲಿ ಮೊದಲಿದ್ದ ಕಂಪನಿಯ ಮ್ಯಾನಿಫೋಲ್ಡನ್ನೇ ವಾಪಸ್ ಹಾಕಿಸಿ. ಇನ್ನೊಂದು ಮಾತು. ಸುಬಾರುವಿನ ಆ ಗುಡುಗುಡು ಸದ್ದು ಬರುವುದೇ ಕೊಳವೆಗಳ ಉದ್ದ ಒಂದೇ ಇಲ್ಲದಿರುವುದರಿಂದ. ಈಕ್ವಲ್ ಲೆಂತ್ ಹಾಕಿದರೆ ಅದು ಹೋಗುತ್ತದೆ. ಆ ಸದ್ದಿಗಾಗಿಯೇ ಈ ಕಾರು ಇಷ್ಟಪಟ್ಟಿದ್ದರೆ ಹಳೆಯದೇ ಇರಲಿ.

ಸರ್, ಪೋಲೋ ಜಿಟಿ ಟಿಎಸ್‌ಐ. ಲೋಕಲ್‌ನಲ್ಲಿ ಮಾಡಿಸಿದ ಸ್ಟೇನ್‌ಲೆಸ್ ಡೌನ್‌ಪೈಪ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಚುಫ್ ಚುಫ್ ಅಂತ ಸದ್ದು, ಬಿಸಿಯಾದ ಮೇಲೆ ನಿಲ್ಲುತ್ತದೆ. ಎರಡು ಸಲ ಕೆಂಪು ಸಿಲಿಕೋನ್ ಹಚ್ಚಿದರು. ಈಗ ಚೆಕ್ ಎಂಜಿನ್ ಲೈಟೂ ಬಂದಿದೆ.
— ಓದುಗರು, ಮೈಸೂರು

ಫ್ಲ್ಯಾಂಜ್ (ಪೈಪಿನ ತುದಿಯಲ್ಲಿ ಬೋಲ್ಟ್ ಹಾಕುವ ಚಪ್ಪಟೆ ತಟ್ಟೆ) ಸೊಟ್ಟಗಾಗಿದೆ. ಪೈಪಿಗೆ ಫ್ಲ್ಯಾಂಜ್ ವೆಲ್ಡ್ ಮಾಡುವಾಗ ಬಿಸಿಗೆ ಅದು ಸ್ವಲ್ಪ ಬಾಗುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಮುಖವನ್ನು ಮತ್ತೆ ಸಮ ಮಾಡಬೇಕು, ತುಂಬ ಜನ ಆ ಕೆಲಸ ಬಿಟ್ಟುಬಿಡುತ್ತಾರೆ. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ನಿಲ್ಲುವುದು. ಪೈಪ್ ಬಿಚ್ಚಿಸಿ ಫ್ಲ್ಯಾಂಜ್ ಮೇಲೆ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣುವ ಕಡೆಯೇ ಗ್ಯಾಸ್ಕೆಟ್ ಮೇಲೆ ಒಳಗಿಂದ ಹೊರಕ್ಕೆ ಕಪ್ಪು ಮಸಿಯ ಗೆರೆ ಇರುತ್ತದೆ.

ಕೆಂಪು ಸಿಲಿಕೋನ್ ಆ ಜಾಗಕ್ಕೆ ಅಲ್ಲವೇ ಅಲ್ಲ. ಅದು 350 ಡಿಗ್ರಿ ಆಸುಪಾಸಿನಲ್ಲಿ ಕೈಕೊಡುತ್ತದೆ, ಟರ್ಬೊದಿಂದ ಬರುವ ಹೊಗೆ ಅದರ ದುಪ್ಪಟ್ಟು ಬಿಸಿ ಇರಬಲ್ಲದು. ಯಾವುದಾದರೂ ಒಳ್ಳೆ ಮಷೀನ್ ಶಾಪ್‌ನಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ, ಪದರ ಪದರದ ಸ್ಟೀಲ್ ಗ್ಯಾಸ್ಕೆಟ್ ಹೊಸದು ಹಾಕಿಸಿ. ಲೈಟ್ ಬಂದಿದ್ದೂ ಇದೇ ಲೀಕಿನಿಂದ ಇರಬಹುದು. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸಂದಿದ್ದರೆ, ಹೊಗೆಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ. ಇಸಿಯು ದಾಖಲಿಸಿದ ದೋಷದ ಕೋಡ್ ಓದಿಸಿ. ಪಿ0420 ಬಂದಿದ್ದರೆ ಮಾತ್ರ ಬೇರೆ ಕಥೆ, ಅದು ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್. ಲೀಕ್ ನಿಲ್ಲಿಸಿದ ಮೇಲೂ ಅದೇ ಬಂದರೆ, ಮಾಡಿಸಿದ ಪೈಪಿನೊಳಗೆ ಕ್ಯಾಟ್ ಇದೆಯೋ ಇಲ್ಲವೋ ಅಂತ ಮೊದಲು ಕೇಳಿ.

ಕ್ಯಾಟ್ ತೆಗೆದರೆ ಫಿಟ್ಟಿಂಗ್ ಸುಲಭ, ಪವರೂ ಜಾಸ್ತಿ ಅಂತಾರೆ. ಪೊಲೀಸರು ಹಿಡಿಯುತ್ತಾರಾ?
— ಓದುಗರು, ಹುಬ್ಬಳ್ಳಿ

ಹಿಡಿಯಬಹುದು. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್‌ನಲ್ಲಿ ಸದ್ದು ಮತ್ತು ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಇಲ್ಲಾ 3 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಲೈಸೆನ್ಸಿಗೂ ಕುತ್ತು. ಪೊಲೀಸರ ಮಾತು ಹಾಗಿರಲಿ, ಕ್ಯಾಟ್ ಇಲ್ಲದ ಪೆಟ್ರೋಲ್ ಕಾರಿನ ಹೊಗೆ ಹಿಂದೆ ಸ್ಕೂಟರಿನಲ್ಲಿ ಬರುವ ಮಗುವಿನ ಮೂಗಿಗೆ ಹೋಗುತ್ತದೆ. ನಾನು ಅದಕ್ಕೆ ಯಾವ ಸಲಹೆಯನ್ನೂ ಕೊಡುವುದಿಲ್ಲ. ಹೊಗೆ ಸಲೀಸಾಗಿ ಹೋಗುವಂಥ ಒಳ್ಳೆಯ ಕ್ಯಾಟ್ ಇರುವ ಪೈಪುಗಳು ಸಿಗುತ್ತವೆ.

ಆಕ್ಟೇವಿಯಾ ಆರ್‌ಎಸ್ 245, ಹಿಂಭಾಗದ ಎಕ್ಸಾಸ್ಟ್ ಹೊಸದು. ಗ್ಯಾರೇಜಿನ ಲಿಫ್ಟ್ ಮೇಲೆ ನಾನೇ ನೋಡಿದ್ದೆ, ಎಲ್ಲೂ ತಾಗುತ್ತಿರಲಿಲ್ಲ. ಹಂಪ್ ಹತ್ತಿಸಿದರೆ ಹಿಂದೆ ಡಬ್ ಅನ್ನುತ್ತದೆ. ದೂರ ಹೋಗಿ ಬಂದ ಮೇಲೆ ಇನ್ನೂ ಜಾಸ್ತಿ.
— ಓದುಗರು, ಮಂಗಳೂರು

ಎರಡು ಕಂಬದ ಲಿಫ್ಟ್ ಇರಬೇಕು. ಅದರಲ್ಲಿ ಕಾರನ್ನು ಬಾಡಿ ಹಿಡಿದು ಎತ್ತುತ್ತಾರೆ, ಚಕ್ರಗಳು ಕೆಳಗೆ ಜೋತುಬೀಳುತ್ತವೆ, ಅವುಗಳ ಜೊತೆ ಹಿಂದಿನ ಸಸ್ಪೆನ್ಷನ್ ತೋಳುಗಳೂ ಆಂಟಿ-ರೋಲ್ ಬಾರೂ ಕೆಳಗಿಳಿಯುತ್ತವೆ. ಆಗ ಕಾಣುವ ಸಂದು ರಸ್ತೆ ಮೇಲೆ ಇರುವ ಸಂದಲ್ಲ. ಹಂಪ್ ಹಾರಿ ಇಳಿದಾಗ ಅವು ಎಲ್ಲಕ್ಕಿಂತ ಮೇಲಕ್ಕೆ ಬರುತ್ತವೆ. ನಾಲ್ಕು ಕಂಬದ ರ‍್ಯಾಂಪ್ ಮೇಲೆ, ಚಕ್ರಗಳ ಮೇಲೆ ಕಾರು ನಿಂತಿರುವಾಗ ನೋಡಿಸಿ.

ದೂರ ಹೋದ ಮೇಲೆ ಜಾಸ್ತಿಯಾಗುವುದು ಬಿಸಿಯಿಂದ. 304 ಸ್ಟೇನ್‌ಲೆಸ್ ಪೈಪ್ 400 ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ನಿಮ್ಮ ಪೈಪ್ ಉದ್ದಕ್ಕೂ ಒಂದೇ ಸಮ ಬಿಸಿಯಾಗುವುದಿಲ್ಲ, ಆದರೂ ಒಟ್ಟು ಸೇರಿದರೆ ಬಾಲದ ತುದಿ ಬೆರಳಗಲ ಹಿಂದಕ್ಕೆ ಸರಿಯಬಹುದು. ಕೆಲವರ ಬಂಪರ್ ಪೈಪಿನ ತುದಿಯ ಹತ್ತಿರ ಕರಗುವುದಕ್ಕೂ ಇದೇ ಕಾರಣ. ಎಲ್ಲ ಜಾಯಿಂಟೂ ಸಡಿಲ ಮಾಡಿಸಿ, ಬೋಲ್ಟ್ ಬರೀ ಕೈಯಲ್ಲಿ ತಿರುಗುವಷ್ಟು. ಪೈಪ್ ರಬ್ಬರ್ ಹ್ಯಾಂಗರುಗಳ ಮೇಲೆ ತಾನಾಗಿ ಎಲ್ಲಿ ನಿಲ್ಲುತ್ತದೋ ನಿಲ್ಲಲಿ. ತಣ್ಣಗಿರುವಾಗ ರಬ್ಬರುಗಳು ಸ್ವಲ್ಪ ಮುಂದಕ್ಕೆ ವಾಲಿರಬೇಕು, ಬಿಸಿಯಾದಾಗ ಅವು ನೆಟ್ಟಗಾಗುತ್ತವೆ. ಆಮೇಲೆ ಮುಂದಿನ ಜಾಯಿಂಟಿನಿಂದ ಶುರುಮಾಡಿ ಹಿಂದಕ್ಕೆ ಒಂದೊಂದೇ ಬಿಗಿಯುತ್ತ ಬರಲಿ, ಪ್ರತಿ ಜಾಯಿಂಟ್ ಬಿಗಿದ ಮೇಲೂ ಪೈಪನ್ನು ಕೈಯಲ್ಲಿ ಅಲ್ಲಾಡಿಸಿ ನೋಡಲಿ. ಹಿಂದಿನಿಂದ ಮುಂದಕ್ಕೆ ಬಿಗಿದರೆ ತಪ್ಪಿದ್ದೆಲ್ಲ ಬಂದು ಮುಂದಿನ ಫ್ಲೆಕ್ಸಿನ ಮೇಲೆ ಕೂರುತ್ತದೆ. ಇಷ್ಟಾದ ಮೇಲೂ ಡಬ್ ಅಂದರೆ, ಎಲ್ಲಿ ತಾಗುತ್ತಿದೆಯೋ ಅಲ್ಲಿ ಪೈಪಿನ ಮೇಲೆ ಹೊಳೆಯುವ ಗೀರು ಬಿದ್ದಿರುತ್ತದೆ. ಅದರ ಫೋಟೊ ತೆಗೆದು ಕಳಿಸಿ, ಯಾವ ಹ್ಯಾಂಗರ್ ಸರಿಸಬೇಕು ಅಂತ ಹೇಳುತ್ತೇನೆ.