ಪಿಂಚಣಿ ದುಡ್ಡು ಹೋಯಿತು, ಕೇಳೋದು ಯಾರನ್ನ?

ಓದುಗರ ಪತ್ರ: ನಮ್ಮ ಅಮ್ಮನಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತದೆ. ಎರಡು ತಿಂಗಳಿಂದ ದುಡ್ಡು ಕೈಗೆ ಸಿಕ್ಕಿಲ್ಲ. ನಾಡಕಚೇರಿಯವರು ‘ಹಣ ಹಾಕಿದ್ದೇವೆ, ಬ್ಯಾಂಕಿಗೆ ಹೋಗಿ’ ಅನ್ನುತ್ತಾರೆ. ಬ್ಯಾಂಕಿನವರು ‘ನಿಮ್ಮಮ್ಮನೇ ಹೆಬ್ಬೆಟ್ಟು ಒತ್ತಿ ತೆಗೆದಿದ್ದಾರೆ’ ಅನ್ನುತ್ತಾರೆ. ಅಮ್ಮ ತೆಗೆದಿಲ್ಲ. ಮೆಸೇಜೂ ಬಂದಿಲ್ಲ. ಸರ್ಕಾರ ಮತ್ತೆ ಕೊಡುತ್ತದಾ?

ಸಂಪಾದಕರ ಉತ್ತರ: ಇಲ್ಲ, ಖಾತೆಗೆ ಒಮ್ಮೆ ಜಮಾ ಆದ ಪಿಂಚಣಿಯನ್ನು ಸರ್ಕಾರ ಇನ್ನೊಮ್ಮೆ ಹಾಕುವುದಿಲ್ಲ. ಹಾಗಂತ ಕೈಚೆಲ್ಲಬೇಡಿ. ಜಮಾ ಆದ ಮೇಲೆ ಆ ದುಡ್ಡನ್ನು ಕಾಯಬೇಕಾದದ್ದು ಬ್ಯಾಂಕು. ಇನ್ನು ನಾಡಕಚೇರಿಗೆ ಅಲೆಯುವುದನ್ನು ಬಿಡಿ.

ಮೊದಲು ಪಾಸ್‌ಬುಕ್ ಎಂಟ್ರಿ ಹಾಕಿಸಿ. ಜಮಾ ಆದ ಸಾಲೇ ಕಾಣದಿದ್ದರೆ ಕಥೆ ಬೇರೆ. ಸಬ್ಸಿಡಿ, ಗೃಹಲಕ್ಷ್ಮಿಯಂಥ ಹಣ ಆಧಾರ್‌ಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ ಹೋಗುತ್ತದೆ. 2017ರಲ್ಲಿ ಸಿಮ್‌ಗೆ ಆಧಾರ್ ಕೊಟ್ಟ ಎಷ್ಟೋ ಜನರ ಗ್ಯಾಸ್ ಸಬ್ಸಿಡಿ, ಅವರಿಗೇ ಗೊತ್ತಿಲ್ಲದ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ಖಾತೆಗಳಿಗೆ ಹೋಗಿತ್ತು. ಯಾವ ಬ್ಯಾಂಕ್ ಜೋಡಣೆಯಾಗಿದೆ ಅಂತ ‘ಮೈ ಆಧಾರ್’ ಜಾಲತಾಣದಲ್ಲಿ ನೋಡಬಹುದು. ಅಂಥ ಹಣ ಕಳುವಾಗಿರುವುದಿಲ್ಲ, ಇನ್ನೊಂದು ಖಾತೆಯಲ್ಲಿ ಸುಮ್ನೆ ಕೂತಿರುತ್ತದೆ.

ನಿಮ್ಮ ಅಮ್ಮನದು ಹಾಗಲ್ಲ. ಹಣ ಬಂದಿದೆ, ಯಾರೋ ತೆಗೆದಿದ್ದಾರೆ. ಜಮಾ ಆದ ಸಾಲಿನ ಕೆಳಗೇ ‘ಎಇಪಿಎಸ್’ (ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ) ಅಂತ ಖರ್ಚು ಬಿದ್ದಿರಬಹುದು. ಅಂದರೆ ಆಧಾರ್ ನಂಬರು, ಬೆರಳು ಎರಡೇ ಸಾಕಾಗಿವೆ. ಇದು ಎರಡು ರೀತಿ ಆಗುತ್ತದೆ. ಒಂದು, ಬ್ಯಾಂಕಿನ ಪರವಾಗಿ ಹಣ ಕೊಡುವ ಏಜೆಂಟ್ ‘ಅಜ್ಜಿ, ಥಂಬ್ ತಗೋತಿಲ್ಲ, ಇನ್ನೊಂದ್ಸಲ ಒತ್ತಿ’ ಅಂತ ಎರಡು ಮೂರು ಸಲ ಒತ್ತಿಸಿ, ಕೊನೆಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದು ಕಳಿಸುವುದು. ಇನ್ನೊಂದು, ಬೆರಳಚ್ಚನ್ನೇ ನಕಲು ಮಾಡುವುದು. 2023ರಲ್ಲಿ ನಮ್ಮ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ ಜಾಲತಾಣದ ಕ್ರಯಪತ್ರಗಳಿಂದ ಹೆಬ್ಬೆಟ್ಟು ಕದ್ದು ಹೀಗೆ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲಿ ಬಯಲಾದವು. ಆದ್ದರಿಂದ ‘ಹೆಬ್ಬೆಟ್ಟು ನಿಮ್ಮದೇ’ ಅಂದ ಮಾತ್ರಕ್ಕೆ ಬ್ಯಾಂಕ್ ಕೈತೊಳೆದುಕೊಳ್ಳಲು ಆಗುವುದಿಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ತಪ್ಪು ಗ್ರಾಹಕರದು ಅಂತ ಸಾಬೀತು ಮಾಡಬೇಕಾದದ್ದು ಬ್ಯಾಂಕೇ.

ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿದೆ. ಬ್ಯಾಂಕಿನ ಕಡೆಯವರದೇ ಕೈವಾಡ ಅಥವಾ ಬೇಜವಾಬ್ದಾರಿ ಇದ್ದರೆ, ತಡವಾಗಿ ದೂರು ಕೊಟ್ಟರೂ ನಷ್ಟ ಗ್ರಾಹಕರದಲ್ಲ. ಹೊರಗಿನವರು ಕದ್ದಿದ್ದರೆ, ಬ್ಯಾಂಕಿನಿಂದ ಸುದ್ದಿ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸ್ ಬರಬೇಕು. ಗಮನಿಸಿ, ಸುದ್ದಿ ತಲುಪಿದ ಮೇಲಿನ ಮೂರು ದಿನ. ಮೆಸೇಜೇ ಬಂದಿಲ್ಲ ಅನ್ನುವುದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಕೌಂಟರಿನಲ್ಲಿ ಬಾಯಿಮಾತಿನ ಜಗಳ ಬೇಡ. ಮ್ಯಾನೇಜರ್ ಹೆಸರಿಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ಹಣ ತೆಗೆದ ದಿನ, ಹೊತ್ತು, ಊರು, ಏಜೆಂಟ್ ಯಾರು ಅಂತ ಲಿಖಿತವಾಗಿ ಕೇಳಿ. ಬೇರೆ ಊರಿನ ಏಜೆಂಟ್ ಹೆಸರು ಬಂದರೆ ಅರ್ಧ ಕೆಲಸ ಮುಗಿದಂತೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಆ ದೂರಿನ ನಂಬರನ್ನೂ ಅರ್ಜಿಗೆ ಸೇರಿಸಿ. 30 ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಖರ್ಚಿಲ್ಲ, ವಕೀಲರೂ ಬೇಕಿಲ್ಲ.

ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಒಳ್ಳೆಯದೇ. ಆದರೆ ಲಾಕ್ ಮಾಡಿದರೆ ನಿಮ್ಮ ಅಮ್ಮನ ಹೆಬ್ಬೆಟ್ಟೂ ನಡೆಯುವುದಿಲ್ಲ, ಅಲ್ವಾ? ರೇಷನ್ ಅಂಗಡಿಯಲ್ಲೂ ತೊಂದರೆ ಆಗಬಹುದು. ಬೇಕಾದಾಗ ತೆರೆದು ಮುಚ್ಚಲು ಆಧಾರ್‌ಗೆ ಜೋಡಿಸಿದ ಫೋನ್ ಮನೆಯಲ್ಲೇ ಇದ್ದರೆ ಮಾತ್ರ ಮಾಡಿಸಿ. ಇಲ್ಲದಿದ್ದರೆ ಶಾಖೆಗೇ ಹೋಗಿ ಚೀಟಿ ತುಂಬಿ ಹಣ ತೆಗೆಯುವುದು ವಾಸಿ. ಏಜೆಂಟ್ ಹತ್ತಿರವೇ ಹೋಗಬೇಕಾಗಿ ಬಂದರೆ, ‘ಥಂಬ್ ತಗೋಲಿಲ್ಲ’ ಅಂದ ತಕ್ಷಣ ರಸೀದಿ ಕೇಳಿ. ವಹಿವಾಟು ಆಗಿಲ್ಲ ಅನ್ನುವುದು ಅದರಲ್ಲಿ ಅಚ್ಚಾಗಿರಬೇಕು. ಅದನ್ನು ನೋಡದೆ ಎರಡನೇ ಸಲ ಬೆರಳಿಡುವುದು ಬೇಡ ಅಂತ ಅಮ್ಮನಿಗೆ ಹೇಳಿಡಿ.